ಗಲ್ಫ್ ದರದ ಬಾಲ್ ಜಾಯಿಂಟ್

ಗ್ಯಾರೇಜು ಇಟ್ಟುಕೊಂಡವನು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ ಮಾರಾಯ್ರೆ. ನಗು ತಾನಾಗಿಯೇ ಗೇಟಿನೊಳಗೆ ಬರುತ್ತದೆ, ಅದೂ ಕಟಕಟ ಎನ್ನುತ್ತಾ.

ಹಿರಿಯಡ್ಕದ ರಸ್ತೆ ಬದಿಯಲ್ಲಿ ನನ್ನದೊಂದು ಶೆಡ್ಡು ಉಂಟು. ಇಪ್ಪತ್ತೆಂಟು ವರ್ಷದಿಂದ ಕಾರಿನ ಅಡಿಯಲ್ಲಿ ಮಲಗುವುದು ನನ್ನ ಉದ್ಯೋಗ. ಮೇಲೆ ಮೇಜಿನ ಹಿಂದೆ ಕುಳಿತು ಗಿರಾಕಿಗಳ ಜೊತೆ ಮಾತಾಡುವುದು, ದರ ಹೇಳುವುದು ನನ್ನ ಹೆಂಡತಿಯ ಉದ್ಯೋಗವಾಗಿತ್ತು. ಅವಳು ಹೋಗಿ ಇನ್ನೇನು ವರ್ಷವಾಗುತ್ತದೆ. ಮೇಜು ಉಂಟು, ಕುರ್ಚಿ ಉಂಟು. ಅವಳು ಇಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಊರಿನವರ ಕಾರಿಗೆಲ್ಲ ಬಾಲ್ ಜಾಯಿಂಟ್ ಹಾಕಿದ ನಾನು ಅವಳ ಸಣ್ಣ ಕಾರಿಗೆ ಮಾತ್ರ ಹಾಕಲಿಲ್ಲ. 'ನಾಳೆ ನಾಳೆ' ಎಂದು ಎರಡು ವರ್ಷ ದೂಡಿದೆ. ಅದು ನನ್ನನ್ನು ಕೊರೆಯುತ್ತದೆ. ವರ್ಷದ ಕಾರ್ಯದ ಮೊದಲು ಅದನ್ನು ನನ್ನ ಕೈಯಾರೆ ಮಾಡಿ ಮುಗಿಸಬೇಕು ಎಂದು ಹಠ ಹಿಡಿದೆ. ಅದು ಏನಾಯಿತು ಎಂದು ಕೊನೆಗೆ ಹೇಳುತ್ತೇನೆ. ಮೊದಲು ನಗುವ ಸಂಗತಿ.

೧. ಹಳೆಯದು ಕೊಡಿ

ಬಾಲ್ ಜಾಯಿಂಟ್ ಎಂದರೆ ದೊಡ್ಡ ಮಾಯೆ ಏನಲ್ಲ. ಮುಂದಿನ ಚಕ್ರದ ಒಳಬದಿಯಲ್ಲಿ ಒಂದು ಬಟ್ಟಲು, ಬಟ್ಟಲೊಳಗೆ ಒಂದು ಗುಂಡು. ನಮ್ಮ ಸೊಂಟದ ಎಲುಬಿನ ಹಾಗೆ. ಸವೆದರೆ ಹೊಂಡ ಹಾರುವಾಗ, ತಿರುವಿನಲ್ಲಿ ಕಟಕಟ ಎನ್ನುತ್ತದೆ. ಕಿವುಡನ ಹಾಗೆ ಓಡಿಸುತ್ತಾ ಇದ್ದರೆ ಒಂದು ದಿನ ಚಕ್ರ ಒಂದು ಕಡೆ, ನೀವು ಒಂದು ಕಡೆ.

ಆದರೆ ಹೊಸದು ಹಾಕಿದರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ನಮ್ಮ ಗಿರಾಕಿಗಳಿಗೆ ಹಳೆಯದನ್ನು ಕೈಗೆ ಕೊಡಬೇಕು. ಕೊಡದಿದ್ದರೆ ಏನೂ ಮಾಡದೆ ದುಡ್ಡು ತೆಗೆದ ಎಂದೇ ಲೆಕ್ಕ. ಮಣಿಪಾಲದ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು ಇದ್ದಾರೆ. ಸವೆದ ಬ್ರೇಕ್ ಪ್ಯಾಡು, ಹರಿದ ಬೆಲ್ಟು, ಸುಟ್ಟ ಬಲ್ಬು, ಎಲ್ಲವನ್ನೂ ಪೇಪರಿನಲ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ಒಂದು ವರ್ಷ ಅವರ ಕಾರಿನ ಬಲಬದಿಯ ಬಾಲ್ ಜಾಯಿಂಟ್ ಬದಲಿಸಿದೆ. ಮರುವರ್ಷ ಎಡದ್ದು ಶಬ್ದ ಮಾಡಿತು.

"ಎಡದ್ದೂ ಹಾಕಬೇಕು ಸರ್," ಎಂದೆ.

ಅವರು ಚೀಲದಿಂದ ಒಂದು ಪೊಟ್ಟಣ ತೆಗೆದರು. "ಹೊಸದು ಎಂತಕ್ಕೆ? ಕಳೆದ ವರ್ಷ ನೀವು ಬಲಬದಿಯಿಂದ ತೆಗೆದದ್ದು ಉಂಟಲ್ಲ. ತೆಂಗಿನೆಣ್ಣೆ ಹಚ್ಚಿ ಜೋಪಾನ ಮಾಡಿದ್ದೇನೆ. ಒಂದು ವರ್ಷ ಪೂರ್ತಿ ರೆಸ್ಟ್ ಸಿಕ್ಕಿದೆ ಅದಕ್ಕೆ. ಇದನ್ನೇ ಹಾಕಿ."

ನಾನು ಪೊಟ್ಟಣ ಬಿಚ್ಚಿ ನೋಡಿದೆ. ಮೇಜಿನ ಹಿಂದಿನಿಂದ ಹೆಂಡತಿ ಕೇಳಿದಳು, "ಸರ್, ಕಿತ್ತ ಹಲ್ಲುಗಳನ್ನೂ ಹೀಗೆಯೇ ಎಣ್ಣೆ ಹಚ್ಚಿ ಇಟ್ಟಿದ್ದೀರಾ?"

೨. ಬಂದ ವಾರ, ಹೋಗುವ ವಾರ

ಕಾರನ್ನು ನೋಡಿ ರೋಗ ಹೇಳುವವನು ನಾನು. ಮನುಷ್ಯರನ್ನು ನೋಡಿ ದರ ಹೇಳುವವಳು ಅವಳು. ಅವಳ ಹತ್ತಿರ ಎರಡು ದರ ಇದ್ದವು: ಊರಿನ ದರ, ಗಲ್ಫ್ ದರ. ಗಲ್ಫಿನಿಂದ ರಜೆಗೆ ಬಂದವರಿಗೆ ಮಜೂರಿ ಸ್ವಲ್ಪ ಜಾಸ್ತಿ. ಅದರಲ್ಲಿಯೂ ಒಂದು ನ್ಯಾಯ ಉಂಟು. ರಜೆಗೆ ಬಂದ ವಾರ ಗಲ್ಫ್ ದರ, ತಿರುಗಿ ಹೋಗುವ ವಾರ ಊರಿನ ದರ.

"ಹೋಗುವ ವಾರ ಅವರ ಕಿಸೆಯಲ್ಲಿ ಎಂತ ಇರ್ತದೆ ಪಾಪ, ಎಲ್ಲ ನೆಂಟರಿಗೆ ಹಂಚಿ ಆಗಿರ್ತದೆ," ಎನ್ನುತ್ತಿದ್ದಳು.

ಆ ಹೆಚ್ಚಿನ ದುಡ್ಡು ನಮ್ಮ ಮನೆಗೇನೂ ಬರುತ್ತಿರಲಿಲ್ಲ. ಮೀನಿನ ಟೆಂಪೋದವನಿಗೆ, ಶಾಲೆ ಮಕ್ಕಳ ವ್ಯಾನಿನವನಿಗೆ ಅಷ್ಟೇ ಕಡಿಮೆ ಮಾಡುತ್ತಿದ್ದಳು. ಅಲ್ಲಿಂದ ತೆಗೆದು ಇಲ್ಲಿ ಹಾಕುವುದು. ನಾನು ಬೇಡ ಎಂದರೆ, "ನೀವು ಅಡಿಯಲ್ಲಿ ಮಲಗಿ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾವು ಮಾತಾಡುವುದು ತುಳು. ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಅರ್ಧ ಇಳಿದುಹೋಗುತ್ತದೆ.

ಗಲ್ಫಿನಲ್ಲಿದ್ದ ಶಿರ್ವದ ಒಬ್ಬರಿಗೆ ಈ ಎರಡು ದರದ ಸುದ್ದಿ ಸಿಕ್ಕಿತು. ಬಂದ ವಾರವೇ ಕಾರು ತಂದರು. ಹಳೆ ಲುಂಗಿ, ಸವೆದ ಹವಾಯಿ ಚಪ್ಪಲಿ, ನಾಲ್ಕು ದಿನದ ಗಡ್ಡ. "ಕೆಲಸ ಎಂತ ಇಲ್ಲ ಅಕ್ಕ, ಊರಿನಲ್ಲೇ ತೋಟ ನೋಡಿಕೊಂಡು ಇದ್ದೇನೆ," ಎಂದರು.

ಇವಳು ಕತ್ತು ಎತ್ತದೆ ಬಿಲ್ ಬರೆದಳು. ಗಲ್ಫ್ ದರ.

"ಇದೆಂತ ಅಕ್ಕ, ತೋಟದವನಿಗೆ ಇಷ್ಟಾ?"

"ಲುಂಗಿ ತೋಟದ್ದೇ," ಎಂದಳು. "ಸೆಂಟು ಮಾತ್ರ ನಿನ್ನೆ ವಿಮಾನದಿಂದ ಇಳಿದದ್ದು."

೩. ಎರಡೂ ಕಡೆ ಒಟ್ಟಿಗೆ

ಎಲುಬಿನ ಡಾಕ್ಟರು ಒಬ್ಬರ ಕಾರು ಬಂತು. ಇವರೇ ಹಿಂದೆ ನನ್ನ ಅಮ್ಮನ ಮೊಣಕಾಲು ಬದಲಿಸಿದ್ದು. ಒಳ್ಳೆಯ ಕೈಗುಣ, ಅಮ್ಮ ಈಗಲೂ ಸರಾಗ ನಡೆಯುತ್ತಾರೆ. ಕಾರನ್ನು ಜಾಕ್ ಹಾಕಿ ಎತ್ತಿ, ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ತೋರಿಸಿದೆ. ಜಾಯಿಂಟ್ ಪೂರಾ ಲಡಬಡ.

ಡಾಕ್ಟರ ಮುಖ ಸಣ್ಣದಾಯಿತು. "ಬದಲಿಸಲೇಬೇಕಾ? ಸ್ವಲ್ಪ ಗ್ರೀಸ್ ಹಾಕಿ ಆರು ತಿಂಗಳು ದೂಡಲಿಕ್ಕೆ ಆಗುವುದಿಲ್ವಾ?"

"ಅಮ್ಮನ ಕಾಲಿನ ಸಮಯದಲ್ಲಿ ನಾನು ಇದನ್ನೇ ಕೇಳಿದ್ದೆ ಸರ್. ಎಣ್ಣೆ ತಿಕ್ಕಿ ಆರು ತಿಂಗಳು ದೂಡಬಹುದಾ ಎಂದು."

"ಅದು ಬೇರೆ, ಇದು ಬೇರೆ. ಹೋಗಲಿ, ಬಲದ್ದು ಒಂದೇ ಹಾಕಿ. ಎಡದ್ದು ಮತ್ತೆ ನೋಡುವ."

"ನೀವು ಅಂದು ಹೇಳಿದ್ದನ್ನೇ ಹೇಳುತ್ತೇನೆ ಸರ್," ಎಂದೆ. "ಎರಡೂ ಕಡೆ ಒಟ್ಟಿಗೆ ಮಾಡಿಸಿದರೆ ಒಂದೇ ನೋವು."

೪. ತಾನಾಗಿ ಸರಿಯಾದದ್ದು

ಈಗ ನಮ್ಮ ಮನೆಯ ಕಾರಿಗೆ ಬರುತ್ತೇನೆ. ನಾನು ಓಡಾಡುವುದು ಬೈಕಿನಲ್ಲಿ. ಕಾರು ಅವಳದ್ದು. ಹದಿನೈದು ದಿನಕ್ಕೊಮ್ಮೆ ಶಿರ್ವದಲ್ಲಿರುವ ಅಕ್ಕನ ಮನೆಗೆ ಒಬ್ಬಳೇ ಓಡಿಸಿಕೊಂಡು ಹೋಗಿ ಬರುವಳು. ಬಲಬದಿಯ ಜಾಯಿಂಟ್ ಸವೆದಿತ್ತು. ಬಂದ ಕೂಡಲೇ ಶುರು.

"ನೋಡಿ, ಆ ಕಟಕಟ ಜಾಸ್ತಿ ಆಗಿದೆ."

"ನಾಳೆ ಮಾಡುವ."

"ಎರಡು ವರ್ಷದಿಂದ ನಾಳೆಯೇ! ಊರಿಗೆ ಉಪಕಾರಿ, ಮನೆಗೆ ಮಾರಿ!"

ನಾನು ಬೇರೆಯವರ ಕಾರಿನ ಅಡಿಗೆ ನುಗ್ಗಿ ತಪ್ಪಿಸಿಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ಅವಳು ಹೇಳುವುದನ್ನೇ ನಿಲ್ಲಿಸಿದಳು. ಅಭ್ಯಾಸ ಆಗಿರಬೇಕು ಎಂದುಕೊಂಡೆ. ಒಂದು ತಿಂಗಳು ಕಳೆಯುವಾಗ ಅವಳ ಹೊಟ್ಟೆನೋವು ಸಣ್ಣದಲ್ಲ ಎಂದು ಗೊತ್ತಾಯಿತು. ಮತ್ತೆ ವಾರಕ್ಕೊಮ್ಮೆ ಮಣಿಪಾಲಕ್ಕೆ, ಆಸ್ಪತ್ರೆಗೆ. ಆಗ ಅದೇ ಕಾರನ್ನು ಓಡಿಸುತ್ತಿದ್ದವನು ನಾನು.

ಪರ್ಕಳದ ತಿರುವಿನಲ್ಲಿ ಒಂದು ದಿನ ಅವಳು ಕೇಳಿದಳು, "ಶಬ್ದ ಉಂಟಾ?"

ಕಿವಿಗೊಟ್ಟೆ. ಇಲ್ಲ. ನಿಜವಾಗಿಯೂ ಇಲ್ಲ. ನನ್ನ ತಲೆಯಲ್ಲಿ ಆಗ ಅವಳ ರಿಪೋರ್ಟು ಬಿಟ್ಟರೆ ಏನೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ನೋಡು, ನಾನು ಹೇಳಿರಲಿಲ್ವಾ? ಸುಮ್ಮನೆ ಬಿಟ್ಟರೆ ಕೆಲವು ತಾನಾಗಿಯೇ ಸರಿ ಆಗ್ತವೆ."

ಬಾಲ್ ಜಾಯಿಂಟ್ ತಾನಾಗಿ ಸರಿಯಾದ ಚರಿತ್ರೆ ಈ ಭೂಮಿಯ ಮೇಲೆ ಇಲ್ಲ. ಇಪ್ಪತ್ತೆಂಟು ವರ್ಷದ ಮೆಕ್ಯಾನಿಕ್ ನಾನು ಅದನ್ನು ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಕ್ಕಳು, ಆಸ್ಪತ್ರೆಯ ಗೇಟಿನವರೆಗೂ ನಕ್ಕಳು. ಕಾಯಿಲೆ ಬಂದ ಮೇಲೆ ಅವಳು ಅಷ್ಟು ನಕ್ಕದ್ದು ಅದೊಂದೇ ಸಲ. ಕಾಯಿಲೆಯೂ ತಾನಾಗಿ ಸರಿಯಾಗಲಿ ಎಂಬ ಆಸೆಯಿಂದ ನಾನು ಹಾಗೆ ಹೇಳಿದ್ದು ಅವಳಿಗೆ ತಿಳಿಯಿತು, ಅದಕ್ಕೇ ನಗುತ್ತಾಳೆ ಎಂದುಕೊಂಡೆ. ನಾನೂ ನಕ್ಕೆ. ಕಾಯಿಲೆ ತಾನಾಗಿ ಸರಿಯಾಗಲಿಲ್ಲ.

೫. ಖಾಲಿ ಕುರ್ಚಿಯ ದರ

ಅವಳು ಹೋದ ಮೇಲೆ ದರ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಗಿರಾಕಿ ಎಷ್ಟಾಯಿತು ಎಂದು ಕೇಳಿದ ಕೂಡಲೇ ನಾನು ಕುರ್ಚಿಯ ಕಡೆ ತಿರುಗುತ್ತೇನೆ. ಗಿರಾಕಿಯೂ ತಿರುಗುತ್ತಾನೆ. ಇಬ್ಬರೂ ಸ್ವಲ್ಪ ಹೊತ್ತು ಕುರ್ಚಿಯನ್ನೇ ನೋಡುತ್ತೇವೆ. ಆಮೇಲೆ ನಾನು ಏನೋ ಒಂದು ಹೇಳುತ್ತೇನೆ.

ನಮ್ಮ ಬ್ಯಾಂಕ್ ಮ್ಯಾನೇಜರು ಬಂದರು. ಕೆಲಸ ಮುಗಿಸಿ ಒಂದು ದರ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಇದು ಕಡಿಮೆ ಆಯಿತು," ಎಂದರು. "ನಿಮ್ಮ ಮನೆಯವರು ಇದ್ದಿದ್ದರೆ ಇನ್ನೂ ಮುನ್ನೂರು ಹೇಳುತ್ತಿದ್ದರು."

"ಇರಲಿ ಸರ್."

"ಎಂತ ಇರಲಿ? ಅವರು ಇಲ್ಲ ಎಂದು ನಾನು ಕಡಿಮೆ ಕೊಡುವುದಾ? ಮುನ್ನೂರು ಸೇರಿಸಿ!"

ಸೇರಿಸಿದೆ. ನನಗೆ ಕಣ್ಣು ತುಂಬಿ ಬಂತು, ಅವರಿಗೂ ಬಂತು. ಅವರು ಪರ್ಸ್ ತೆಗೆದು ನೋಟು ಎಣಿಸುತ್ತಾ, ಮೂಗು ಒರೆಸಿಕೊಂಡು ಕೇಳಿದರು, "ಸರಿ, ಈಗ ಇದರಲ್ಲಿ ಎಷ್ಟು ಬಿಡುತ್ತೀರಿ?"

೬. ಗಲ್ಫಿನಿಂದ ಬಂದವನು

ಕಳೆದ ತಿಂಗಳು ಒಂದು ಭಾನುವಾರ ಶೆಡ್ಡಿನ ಬಾಗಿಲು ಹಾಕಿ ಅವಳ ಕಾರನ್ನು ಎತ್ತಿದೆ. ಹೊಸ ಜಾಯಿಂಟು ತಂದಿಟ್ಟಿದ್ದೆ. ಬಲಬದಿಯ ಚಕ್ರ ಬಿಚ್ಚಿದೆ. ಒಳಗೆ ನೋಡಿದರೆ ಜಾಯಿಂಟ್ ಹೊಸದು! ರಬ್ಬರು ಗಟ್ಟಿ ಉಂಟು, ಅಲ್ಲಾಡಿಸಿದರೆ ಕದಲುವುದಿಲ್ಲ. ಬಿಗಿ ಮಾಡಿದ ನಟ್ಟಿಗೆ ನಾನು ಬಿಳಿ ಬಣ್ಣದ ಚುಕ್ಕೆ ಇಡುವುದು. ಇಲ್ಲಿ ಹಳದಿ ಚುಕ್ಕೆ. ಬೇರೆ ಯಾವನೋ ಕೈಹಾಕಿದ್ದಾನೆ!

ಸಿಟ್ಟು ನೆತ್ತಿಗೇರಿತು. ಡಿಕ್ಕಿ ತೆಗೆದು ಹುಡುಕಿದೆ. ಸ್ಟೆಪ್ನಿಯ ಅಡಿಯಲ್ಲಿ ಒಂದು ಪೊಟ್ಟಣ. ಒಳಗೆ ಸವೆದ ಹಳೆ ಜಾಯಿಂಟು, ಮತ್ತೊಂದು ಬಿಲ್ಲು. ಕಾಪು ಹೆದ್ದಾರಿ ಬದಿಯ ಒಂದು ಗ್ಯಾರೇಜಿನದ್ದು. ಹೆಸರಿನ ಜಾಗದಲ್ಲಿ 'ಮೇಡಂ, ಶಿರ್ವ' ಎಂದು ಮಾತ್ರ. ತಾರೀಕು ನೋಡಿದೆ. ಅವಳು ಗೊಣಗುವುದನ್ನು ನಿಲ್ಲಿಸಿದ ಸಮಯ. ದರ ನೋಡಿದೆ. ಒಂದು ಬದಿಗೆ ಅಷ್ಟು ಯಾರಾದರೂ ತೆಗೆಯುತ್ತಾರಾ?

ಚಕ್ರ ಕೂರಿಸಿದೆ. ಮರುದಿನ ಬೆಳಿಗ್ಗೆ ಅದೇ ಕಾರಿನಲ್ಲಿ ಕಾಪುವಿಗೆ ಹೋದೆ, ಜಗಳಕ್ಕೆಂದೇ. ಗ್ಯಾರೇಜಿನವರು ನನಗಿಂತ ಹಿರಿಯರು, ಬಿಳಿ ಗಡ್ಡ. ಬಿಲ್ಲು ಮುಂದೆ ಹಿಡಿದೆ. ಅವರು ಬಿಲ್ಲು ನೋಡಿದರು, ಕಾರು ನೋಡಿದರು, ಮುಖ ಅರಳಿತು.

"ಓಹೋ, ಆ ಮೇಡಮ್ಮಿನ ಕಾರು! ಮರೆಯಲಿಕ್ಕೆ ಉಂಟಾ? ದರ ಹೇಳಿದೆ, ಒಂದು ಮಾತು ಚೌಕಾಸಿ ಮಾಡಲಿಲ್ಲ. ಹಳೆಯದು ಮಾತ್ರ ಕೇಳಿ ತೆಗೆದುಕೊಂಡರು. ನಾನು ಸ್ವಲ್ಪ ಜೋರು ಮಾಡಿದ್ದೆ. ಇಷ್ಟು ಸವೆಯುವವರೆಗೆ ಓಡಿಸಿದ್ದೀರಲ್ಲ, ಜೀವದ ಭಯ ಇಲ್ವಾ, ಮನೆಯಲ್ಲಿ ನೋಡುವವರು ಯಾರೂ ಇಲ್ವಾ ಎಂದು ಕೇಳಿದೆ."

"ಎಂತ ಹೇಳಿದಳು?"

"ಗಂಡ ಗಲ್ಫಿನಲ್ಲಿದ್ದಾರೆ ಎಂದರು. ತುಂಬಾ ಒಳ್ಳೆಯವರು, ಪುರುಸೊತ್ತು ಒಂದು ಇಲ್ಲ ಎಂದರು. ಗಲ್ಫ್ ಎಂದ ಮೇಲೆ ನಾನೂ ದರ ಸ್ವಲ್ಪ ಆ ಲೆಕ್ಕದಲ್ಲೇ ಹಾಕಿದೆ, ಸುಳ್ಳು ಎಂತಕ್ಕೆ ಹೇಳುವುದು."

ಬಿಲ್ಲನ್ನು ಮಡಚಿ ಅಂಗಿಯ ಕಿಸೆಗೆ ಹಾಕಿದೆ. ಗಂಡ ಮೆಕ್ಯಾನಿಕ್ ಎಂದು ಹೇಳಿದ್ದರೆ ನನ್ನ ಮರ್ಯಾದೆ ಕಾಪುವಿನಿಂದ ಕಾರ್ಕಳದವರೆಗೆ ಹೋಗುತ್ತಿತ್ತು. ಗಲ್ಫ್ ದರ ಹೇಗೆ ಬೀಳುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಗೊತ್ತಿದ್ದೂ ತೆತ್ತಳು. ಒಂದು ದಿನ ಹಳೆಯದನ್ನು ನನ್ನ ಮುಖದೆದುರು ಹಿಡಿದು ಮಾನ ತೆಗೆಯಬೇಕು ಎಂದೇ ಅದನ್ನು ಇಟ್ಟಿರಬೇಕು. ಆ ಪರ್ಕಳದ ತಿರುವಿನಲ್ಲಿ, ತಾನಾಗಿ ಸರಿಯಾಯಿತು ಎಂದ ಗಂಡನನ್ನು ನೋಡಿ ಅವಳಿಗೆ ಪಾಪ ಕಂಡಿತೋ ಏನೋ. ನನಗೆ ಅಲ್ಲಿಯೇ ಕುಳಿತು ಅತ್ತುಬಿಡಬೇಕು ಎನಿಸಿತು.

"ನೀವು ಅವರ ಯಜಮಾನರಾ?" ಎಂದು ಕೇಳಿದರು. "ಯಾವಾಗ ಬಂದದ್ದು ಗಲ್ಫಿನಿಂದ?"

ಗ್ರೀಸು ಹತ್ತಿದ ಎರಡೂ ಕೈಯನ್ನು ಪ್ಯಾಂಟಿನ ಕಿಸೆಯೊಳಗೆ ಇಳಿಸಿದೆ. ಅವಳು ಹೇಳಿದ ಮಾತನ್ನು ನಾನು ಹೇಗೆ ಸುಳ್ಳು ಮಾಡಲಿ?

"ಈಗಲೇ ಬಂದೆ," ಎಂದೆ. "ಸ್ವಲ್ಪ ತಡವಾಯಿತು."

"ಬಂದಿರಲ್ಲ, ಅಷ್ಟು ಸಾಕು ಬಿಡಿ." ಅವರು ಆಗಲೇ ಜಾಕ್ ತಳ್ಳಿಕೊಂಡು ಬಂದಿದ್ದರು. ಎಡಬದಿಯ ಚಕ್ರ ಹಿಡಿದು ಅಲ್ಲಾಡಿಸಿದರು. "ನೋಡಿ ಇಲ್ಲಿ, ಇದೂ ಹೋಗಿದೆ. ನಿಮಗೆ ಇದೆಲ್ಲ ಗೊತ್ತಾಗುವುದಿಲ್ಲ. ಇದಕ್ಕೆ ಬಾಲ್ ಜಾಯಿಂಟ್ ಎಂದು ಹೇಳುವುದು. ಒಂದು ಬಟ್ಟಲು, ಒಳಗೆ ಒಂದು ಗುಂಡು. ಹಾಕಿಬಿಡಲಾ?"

"ಹಾಕಿ," ಎಂದೆ.

ಬೆಂಚಿನ ಮೇಲೆ ಕೈಕಟ್ಟಿ ಕುಳಿತೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬೇರೆಯವರ ಗ್ಯಾರೇಜಿನಲ್ಲಿ ಗಿರಾಕಿಯಾಗಿ ಕುಳಿತದ್ದು. ಅವರು ಕೆಲಸ ಮುಗಿಸಿ, ನಟ್ಟಿಗೆ ಹಳದಿ ಚುಕ್ಕೆ ಇಟ್ಟು, ಬಿಲ್ಲು ಬರೆದು ಕೊಟ್ಟರು. ಬಂದ ವಾರದ ಗಲ್ಫ್ ದರ. ಮಾಡಿದ್ದುಣ್ಣೋ ಮಹಾರಾಯ.

ಒಂದು ಮಾತು ಚೌಕಾಸಿ ಮಾಡಲಿಲ್ಲ. ಹಳೆಯದನ್ನು ಮಾತ್ರ ಕೇಳಿ ತೆಗೆದುಕೊಂಡು, ಡಿಕ್ಕಿಯಲ್ಲಿ ಅವಳ ಪೊಟ್ಟಣದ ಪಕ್ಕದಲ್ಲಿ ಇಟ್ಟೆ.