ನಡುಮನೆಯಲ್ಲಿ ದೋಣಿ ಹತ್ತಿದ ತಾತ

ನಮ್ಮ ಶಿಡ್ಲಘಟ್ಟದಲ್ಲಿ ಹೊಳೆ ಇಲ್ಲ. ಕೆರೆ ಇದೆ, ಮನಸ್ಸು ಬಂದ ವರ್ಷ ಅದಕ್ಕೆ ನೀರು ಬರುತ್ತದೆ. ಇಂಥ ಊರಿನಲ್ಲಿ ನಾನು ಅರವತ್ತೇಳನೇ ವಯಸ್ಸಿಗೆ ದೋಣಿ ನಡೆಸಲು ಕಲಿತೆ. ಅದೂ ನಮ್ಮ ನಡುಮನೆಯಲ್ಲಿ.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಅವಳ ಅಂದ ಬರೆಯುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ. ಎರಡು ಕೆನ್ನೆ, ಎರಡು ಪುಟ್ಟ ಮುಷ್ಟಿ, ತಲೆ ತುಂಬ ಕೂದಲು. “ಎಲ್ಲಾ ಮಕ್ಕಳಿಗೂ ಇರ್ತವೆ ಕಣ್ರೀ,” ಅನ್ನುತ್ತಾಳೆ ನನ್ನ ಹೆಂಡತಿ ನಾರಾಯಣಮ್ಮ. ಇರಬಹುದು. ನಾನು ಬೇರೆ ಮಕ್ಕಳನ್ನು ನೋಡಲು ಹೋಗಿಲ್ಲ.

ನಮ್ಮಲ್ಲಿ ನಾಮಕರಣದ ದಿನ ತಾತನಾದವನು ನೆಲದಲ್ಲಿ ಮಣೆ ಹಾಕಿ ಕುಳಿತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಆ ಹಕ್ಕು ಗಂಡಿನ ಕಡೆಯ ತಾತನದು, ಅಂದರೆ ಚಿಂತಾಮಣಿಯ ನಮ್ಮ ಬೀಗರು ಮುನಿಶಾಮಪ್ಪನವರದು. ಅವರು ದೊಡ್ಡ ಮನಸ್ಸು ಮಾಡಿ ಫೋನಿನಲ್ಲಿ ಹೇಳಿದರು:

“ಬಾವಾ, ಮಗು ನಿಮ್ಮನೇಲಿ ಹುಟ್ಟೈತೆ, ನೀವೇ ಕೂತ್ಕೊಳ್ಳಿ. ನೆಲದ ಮೇಲೆ ಕೂರಕಾದ್ರೆ. ಆಗ್ಲಿಲ್ಲ ಅಂದ್ರೆ ನಾನಿದ್ದೀನಲ್ಲ. ಅಂಬಾಜಿದುರ್ಗದ ಬೆಟ್ಟ ದಿನಾ ಹತ್ತಿ ಇಳೀತೀನಿ.”

ನಾನು ನೆಲದ ಮೇಲೆ ಕುಳಿತು ಆರು ವರ್ಷವಾಗಿತ್ತು. ನನ್ನ ಹೊಟ್ಟೆಗೂ ಮಂಡಿಗೂ ಮಾತುಕತೆ ನಿಂತುಹೋಗಿತ್ತು. ಡಾಕ್ಟರು ತೂಕ ಇಳಿಸಿ, ಮಂಡಿ ಆಡಿಸಿ ಎಂದರು. ಪಕ್ಕದ ಮನೆಯ ಬಾಷಾ ಸಾಬ್ ದಾರಿ ತೋರಿಸಿದ. ಅವನೂ ನಾನೂ ನಲವತ್ತು ವರ್ಷ ಅಕ್ಕಪಕ್ಕ ಕುಳಿತು ಗೂಡು ಬೇಯಿಸಿ ರೇಷ್ಮೆ ನೂಲು ತೆಗೆದವರು. ಚಿಕ್ಕಬಳ್ಳಾಪುರದಲ್ಲಿ ಅವನ ಅಳಿಯ ಜಿಮ್ ಮುಚ್ಚುತ್ತಿದ್ದ. ಅಲ್ಲಿಂದ ಟೆಂಪೋದಲ್ಲಿ, ಕೂತಲ್ಲೇ ದೋಣಿಯ ಹುಟ್ಟು ಹಾಕಿಸುವ ಯಂತ್ರ ಬಂತು: ಮಂಚದಷ್ಟು ಉದ್ದದ ಕಬ್ಬಿಣದ ಪಟ್ಟಿ, ಅದರ ಮೇಲೆ ಹಿಂದೆ ಮುಂದೆ ಉರುಳುವ ಗಾಲಿ ಸೀಟು, ಕಾಲು ಬಿಗಿಯಲು ಬೆಲ್ಟು, ಎಳೆಯಲು ಹಗ್ಗ ಕಟ್ಟಿದ ಹಿಡಿ, ಎಷ್ಟು ದೂರ ಹೋದೆವೆಂದು ತೋರಿಸುವ ಮೀಟರು. ಸೀಟು ನೆಲದಿಂದ ಒಂದು ಗೇಣು ಎತ್ತರ. ಇದರಲ್ಲಿ ಕೂರಲು ಬಂದರೆ ಮಣೆ ಯಾವ ಲೆಕ್ಕ?

ಯಂತ್ರವೆಂದ ಮೇಲೆ ಪೂಜೆ ಆಗಬೇಕು. ನಾರಾಯಣಮ್ಮ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ನಾನು ಕುಳಿತು ಉರುಳಿದೆ. ಬಸ್ಸಾದರೆ ನಿಂಬೆಹಣ್ಣನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ನಮ್ಮ ದೋಣಿ ಅದರ ಮೇಲೇ ಹೋಗಿ ಬಂದು, ಹೋಗಿ ಬಂದು, ಸಂಜೆಗೆ ಉಪ್ಪಿನಕಾಯಿ ಮಾಡಿತ್ತು.

ಒಂದು ವಾರ ಚಡ್ಡಿ ಹಾಕಿಕೊಂಡು ಶ್ರದ್ಧೆಯಿಂದ ಹುಟ್ಟು ಹಾಕಿದೆ. ಮೀಟರು ಮಾತ್ರ ಸೊನ್ನೆ ಬಿಟ್ಟು ಏಳಲಿಲ್ಲ. ಬಾಷಾ ಬಂದು ನೋಡಿ ತಲೆ ಚಚ್ಚಿಕೊಂಡ.

“ಅರೆ ಅಣ್ಣಾ, ಅದು ರೇಷ್ಮೆ ಎಳೆ ಅಲ್ಲ, ಹಗ್ಗ. ಜೋರಾಗಿ ಎಳೀರಿ.”

“ಜೋರಾಗಿ ಎಳುದ್ರೆ ಎಳೆ ಕಿತ್ತೋಗಲ್ವೇನೋ?”

ನಲವತ್ತು ವರ್ಷದ ಕೈ. ನನ್ನ ನೂಲು ಹರಿಯಿತೆಂದು ಯಾವ ವ್ಯಾಪಾರಿಯೂ ಹೇಳಿದ್ದಿಲ್ಲ. ಮೀಟರಿಗೆ ಅದರ ಬೆಲೆ ಏನು ಗೊತ್ತು? ಇಷ್ಟು ನಾಜೂಕಾಗಿ ಎಳೆದರೂ ಹಸಿವೆ ಮಾತ್ರ ಜೋರಾಗಿಯೇ ಆಗುತ್ತಿತ್ತು. ಬಾಣಂತಿ ಮಗಳು ಸುಧಾಳಿಗೆಂದು ಕಟ್ಟಿದ ಅಂಟಿನುಂಡೆ ಡಬ್ಬ ಯಂತ್ರದ ಪಕ್ಕದಲ್ಲೇ ಇತ್ತು. ಹೋಗುವಾಗ ಒಂದು, ಬರುವಾಗ ಒಂದು.

ನಾಮಕರಣದ ದಿನ ಬಂತು. ರೇಷ್ಮೆ ಪಂಚೆ ಉಟ್ಟೆ. ನಾನು ಕೊನೆಯದಾಗಿ ತೆಗೆದ ನೂಲನ್ನೇ ಕೊಟ್ಟು ನೇಯಿಸಿದ್ದು. ಬೀಗರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಪಂಚೆಯಲ್ಲಿ ಒಮ್ಮೆ ಕುಳಿತು ನೋಡೋಣ ಎನಿಸಿತು. ಕುಳಿತೆ, ಕಾಲಿಗೆ ಬೆಲ್ಟು ಬಿಗಿದೆ, ಅಂಬಾಜಿದುರ್ಗವನ್ನು ಮನಸ್ಸಿನಲ್ಲಿ ನೆನೆದು ಜೀವಮಾನದಲ್ಲೇ ಮೊದಲ ಸಲ ಜೋರಾಗಿ ಎಳೆದೆ.

ಸೀಟು ಹಿಂದಕ್ಕೆ ಹಾರಿತು. ಪಂಚೆಯ ಎರಡು ಅಂಚನ್ನೂ ಗಾಲಿಗಳು ನುಂಗಿದವು. ಸೊಂಟ ಸೀಟಿಗೆ ಬಿಗಿದುಕೊಂಡಿತು. ಬಾಗಿಲಲ್ಲಿ ಬೀಗರು ಆಗಲೇ ಬಂದು ನಿಂತಿದ್ದರು.

“ಏಂ ಬಾವಾ, ಯಾವೂರಿಗೆ ಪಯಣ?”

ಬಾಷಾ ಓಡಿ ಬಂದು ಪಂಚೆ ಹರಿಯಲು ನೋಡಿದ. ಹರಿಯಲಿಲ್ಲ. ನನ್ನ ನೂಲಲ್ಲವೇ! ಕತ್ತರಿ ತಂದ. “ನಾಮಕರಣದ ದಿನ ಉಟ್ಟ ಬಟ್ಟೆಗೆ ಕತ್ತರಿ ಹಾಕ್ತೀಯಾ?” ಎಂದು ನಾರಾಯಣಮ್ಮ ಅದನ್ನು ಕಿತ್ತುಕೊಂಡಳು. ಪಂಚೆ ಬಿಚ್ಚಿದರೆ ಏಳಬಹುದಿತ್ತು. ಎದುರಿಗೆ ಬೀಗರ ಕಡೆಯ ಹದಿನಾಲ್ಕು ಜನ ಹೆಂಗಸರಿದ್ದರು.

“ಗಳಿಗೆ ಮೀರ್ತಾ ಇದೆ,” ಎಂದರು ಪುರೋಹಿತರು. ಬೀಗರು ಶಲ್ಯ ಸರಿಮಾಡಿಕೊಂಡು ಮಣೆಯ ಕಡೆ ಹೆಜ್ಜೆ ಹಾಕಿದರು. ಮಗು ಹುಟ್ಟಿದಾಗಿನಿಂದ ನಾನು ಕಾಯ್ದ ಮೂರು ಮಾತು, ಮೂರು ಮಾರು ದೂರದಲ್ಲಿ ಬೇರೆಯವರ ಪಾಲಾಗುತ್ತಿತ್ತು.

ಆಗ ಸುಧಾ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. “ನಮ್ಮಪ್ಪ ಕೂತೇ ಇದ್ದಾರಲ್ಲ ಮಾವ.”

ಬೀಗರು ಬಗ್ಗಿ ಸೀಟಿನ ಕೆಳಗೆ ಗೇಣು ಹಾಕಿದರು. “ನೆಲ ಅಂತ ಮಾತಾಗಿತ್ತಮ್ಮ. ಇದು ಒಂದು ಗೇಣು ಮೇಲೈತೆ.”

“ಮಣೆ ಏನು ನೆಲದೊಳಗೆ ಹೂತಿರ್ತದಾ ಬೀಗರೇ?” ಎಂದಳು ನಾರಾಯಣಮ್ಮ.

ಎಲ್ಲರೂ ಪುರೋಹಿತರ ಮುಖ ನೋಡಿದರು. ಅವರು ಗಡಿಯಾರ ನೋಡಿದರು. “ಮಣೆಗೆ ಗಾಲಿ ಇರಬಾರದು ಅಂತ ನಾನೆಲ್ಲೂ ಓದಿಲ್ಲ. ಹೇಳ್ರಿ ಹೆಸರು.”

ಬೀಗರು ನಕ್ಕು ಪಕ್ಕದಲ್ಲಿ ಕುಳಿತರು. ಸರಾಗವಾಗಿ, ಚಕ್ಕಳಮಕ್ಕಳ ಹಾಕಿ. ಅದೊಂದು ನೋಡಲಾಗಲಿಲ್ಲ.

ನಾನು ಬಗ್ಗಿ ಆ ಪುಟ್ಟ ಕಿವಿಯಲ್ಲಿ “ಚಂದನ” ಎಂದೆ. ಕಣ್ಣು ಬಿಟ್ಟಳು. ಎರಡನೇ ಸಲ ಹೇಳಿದೆ. ನನ್ನ ಮೂಗನ್ನೇ ನೋಡಿದಳು. ಮೂರನೇ ಸಲ ಹೇಳಿದಾಗ ತೊಡೆ ಬೆಚ್ಚಗಾಯಿತು. ನಮ್ಮ ದೋಣಿಗೆ ಕೊನೆಗೂ ನೀರು ಬಂದಿತ್ತು.

ಒಣ ರೇಷ್ಮೆ ಹಟ ಮಾಡುತ್ತದೆ, ನೆನೆದದ್ದು ಮಾತು ಕೇಳುತ್ತದೆ. ಇದು ತಿಳಿದವರು ಆ ಮನೆಯಲ್ಲಿ ಇಬ್ಬರಿದ್ದೆವು, ಇಬ್ಬರಿಗೂ ಹೊಳೆದಿರಲಿಲ್ಲ. ಬಾಷಾ ಸೀಟನ್ನು ಮೆಲ್ಲಗೆ ಮುಂದಕ್ಕೆ ಉರುಳಿಸಿದ, ಪಂಚೆ ಜಾರಿ ಹೊರಬಂತು. ನನ್ನನ್ನು ಎಬ್ಬಿಸಲು ಮಾತ್ರ ಅಂಬಾಜಿದುರ್ಗ ಹತ್ತುವ ಬೀಗರೇ ಬೇಕಾದರು.

ಮೊನ್ನೆ ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಅವಳನ್ನೂ ನನ್ನನ್ನೂ ತೂಗಿದರು. ಯಂತ್ರ ಮನೆಗೆ ಬಂದಾಗಿನಿಂದ ಮಗು ಎರಡು ಕೆಜಿ ಹೆಚ್ಚಾಗಿದ್ದಾಳೆ. ಬಹಳ ಒಳ್ಳೆಯ ಬೆಳವಣಿಗೆ ಎಂದರು ಡಾಕ್ಟರು. ನಾನೂ ಎರಡೇ ಕೆಜಿ ಹೆಚ್ಚಾಗಿದ್ದೇನೆ. ನನಗೆ ಯಾರೂ ಹಾಗೆ ಹೇಳಲಿಲ್ಲ.