ತೂಗುಕುರ್ಚಿ ಬಿಟ್ಟೇಳದವರು

ಲಮಾರ್ ಪೆಟಸ್‌ನ ತೊಂದರೆಗೆಲ್ಲ ಮೂಲ ಜಗಲಿಯ ಮೇಲಿದ್ದ ಆರು ತೂಗುಕುರ್ಚಿಗಳು. ಕೆಂಟಕಿ ದಾಟಿ ಟೆನೆಸ್ಸೀ ರಾಜ್ಯಕ್ಕೆ ಕಾಲಿಡುವವರಿಗೆಂದು ಹೆದ್ದಾರಿ ಪಕ್ಕ ಕಟ್ಟಿದ ಸ್ವಾಗತ ಕೇಂದ್ರಕ್ಕೆ ಅವನು ಮೇಲ್ವಿಚಾರಕ. ಮೊದಲು ಅಲ್ಲಿದ್ದದ್ದು ಗೂಡಂಗಡಿಯಂಥ ಒಂದು ಮರದ ಕೋಣೆ. ಜನ ನಕ್ಷೆ ಇಸಿದುಕೊಂಡು ಓಡುತ್ತಿದ್ದರು. ಬಂದವರಿಗೆ ನೆಂಟರ ಮನೆಗೆ ಬಂದಂತಿರಬೇಕೆಂದು ಹೊಸ ಕಟ್ಟಡದ ವಿನ್ಯಾಸಗಾರ ಬಿಳಿ ಕಂಬ, ಅಗಲ ಜಗಲಿ, ತೂಗುಕುರ್ಚಿ ಎಲ್ಲ ಇಟ್ಟ. ಹಾಗೇ ಆಯಿತು. ಬಂದವರು ನೆಂಟರಂತೆಯೇ ಝಾಂಡಾ ಊರಿದರು.

ಪ್ರಯಾಣಿಕರು ಹದಿನೈದು ನಿಮಿಷ ದಣಿವಾರಿಸಿಕೊಂಡು ಮುಂದೆ ಹೋಗಿ ನಾಲ್ಕು ಊರು ನೋಡಬೇಕು ಎಂಬುದು ಮೇಲಧಿಕಾರಿ ಸ್ಟೆಗಾಲ್‌ನ ಲೆಕ್ಕ. ಇಂದು ಮಧ್ಯಾಹ್ನ ಮೂರಕ್ಕೆ ಬರುತ್ತೇನೆ, ಜಗಲಿಯಲ್ಲಿ ತೂಕಡಿಸುವವರು ಕಂಡರೆ ನಿನ್ನನ್ನು ಲಾರಿ ತೂಗುವ ಕಟ್ಟೆಗೆ ಹಾಕುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದ್ದ.

ಫ್ಲಾರಿಡಾಕ್ಕೆ ಹೊರಟಿದ್ದ ಇಂಡಿಯಾನಾದ ಕ್ಯಾಸ್ಪರ್ ದಂಪತಿಗಳು, ಎಲ್ವಿನ್ ಮತ್ತು ಡಾರ್ಥಿಯಾ, ಬೆಳಿಗ್ಗೆ ಏಳಕ್ಕೇ ಬಂದು ಕುರ್ಚಿ ಹಿಡಿದಿದ್ದರು. ಲಮಾರ್ ಪಕ್ಕದಲ್ಲಿ ನಿಂತು ಮುಂದಿರುವ ಗುಹೆ, ಜಲಪಾತಗಳನ್ನು ಬಾಯಿ ನೋಯುವಷ್ಟು ಬಣ್ಣಿಸಿದ.

ಮುದುಕ ಎಲ್ವಿನ್ ಕಣ್ಣು ಮುಚ್ಚಿಯೇ ಕೇಳಿದ. "ಎಷ್ಟು ಚೆನ್ನಾಗಿ ಹೇಳ್ತೀಯಪ್ಪ. ಕಣ್ಣಾರೆ ನೋಡ್ದಂಗೇ ಆಯ್ತು. ಇನ್ನು ಹೋಗೋದ್ಯಾಕೆ?"

ಲಮಾರ್ ಪೊರಕೆ ತಂದು ಕುರ್ಚಿಯಡಿ ಗುಡಿಸಿದ. ಇಬ್ಬರೂ ಕಾಲೆತ್ತಿ ಸಹಕರಿಸಿದರು. ಅಷ್ಟರಲ್ಲಿ ನಕ್ಷೆ ಹಂಚುವ ವರ್ನಾ, ಯಾರೂ ಕೇಳದಿದ್ದರೂ, ಬಿಸಿ ಕಾಫಿ ಮತ್ತು ಹಂದಿಮಾಂಸದ ಚೂರಿಟ್ಟ ಮೆತ್ತನೆಯ ಹ್ಯಾಮ್ ಬಿಸ್ಕತ್ತು ತಂದಿಟ್ಟಳು. ಲಮಾರ್ ಕಣ್ಣು ಕೆಂಪಗೆ ಮಾಡಿದರೆ, "ಪಾಪ, ವಯಸ್ಸಾದೋರು" ಎಂದು ಇನ್ನೊಂದು ಸುತ್ತು ಬಗ್ಗಿಸಿದಳು.

ಹತ್ತು ಗಂಟೆಗೆ ಸೋತು ಸುಣ್ಣವಾದ ಲಮಾರ್ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಡಾರ್ಥಿಯಾ ಮುದುಕಿಯ ಕಣ್ಣಲ್ಲಿ ನೀರು ಬಂತು. "ಮೊದ್ಲೇ ಹೇಳ್ಬಾರ್ದಿತ್ತೇನೋ ಮಗಾ?" ಎನ್ನುತ್ತ ಗಂಡನನ್ನು ಎಬ್ಬಿಸಿ ಕಾರು ಹತ್ತಿಸಿದಳು.

ಮೂರಕ್ಕೆ ಸ್ಟೆಗಾಲ್ ಬಂದಾಗ ಆರು ಕುರ್ಚಿಗಳೂ ಖಾಲಿ. ಅವನು ಲಮಾರ್‌ನ ಬೆನ್ನು ತಟ್ಟಿದ. ಲಮಾರ್‌ಗೆ ಹೋದ ಜೀವ ಬಂದಂತಾಯಿತು.

ಆಗ ಸಾಲಾಗಿ ಐದು ಕಾರುಗಳು ಬಂದು ನಿಂತವು. ಮೊದಲನೆಯದರಿಂದ ಡಾರ್ಥಿಯಾ ಇಳಿದಳು. ಇವಳು ಎಲ್ಲೂ ನಿಲ್ಲದೆ ಇಡೀ ರಾಜ್ಯ ದಾಟಿ, ಅಲಬಾಮಾದ ಸ್ವಾಗತ ಕೇಂದ್ರದಲ್ಲಿ ಸಿಕ್ಕವರಿಗೆಲ್ಲ ಲಮಾರ್‌ನ ಕಷ್ಟ ಹೇಳಿಕೊಂಡು, ಮರುಗಿದವರನ್ನೆಲ್ಲ ಕಟ್ಟಿಕೊಂಡು, ಹಾಗೇ ಎಲ್ಲೂ ನಿಲ್ಲದೆ ಮರಳಿದ್ದಳು. ಹದಿನೇಳು ಜನ. ಕುರ್ಚಿ ತುಂಬಿ, ಉಳಿದವರು ಮೆಟ್ಟಿಲ ಮೇಲೆ ಕೂತರು.

"ಸಾಹೇಬ್ರೇ," ಡಾರ್ಥಿಯಾ ಕುರ್ಚಿ ತೂಗುತ್ತ ನಿಧಾನವಾಗಿ ಹೇಳಿದಳು, "ಈ ಒಳ್ಳೇ ಮನುಷ್ಯನ್ನ ವರ್ಗ ಮಾಡಲ್ಲ ಅಂತ ನೀವು ಮಾತು ಕೊಡೋವರ್ಗೂ ನಾವು ಇಲ್ಲಿಂದ ಏಳಲ್ಲ."