ಅಡುಗೆಮನೆಗೆ ಬಿದ್ದ ಕೆಂಪು ಚೀಟಿ

ಮೂವತ್ತು ವರ್ಷ ಹನ್ನೆರಡು ಮಹಡಿಯ ಎತ್ತರದಲ್ಲಿ ಓಡಾಡಿದ ಮನುಷ್ಯ ಒಂದೂವರೆ ಅಡಿಯ ಸ್ಟೂಲಿನಿಂದ ಬಿದ್ದರೆ ಅದನ್ನು ಅಪಘಾತ ಎನ್ನಬೇಕೋ ಅವಮಾನ ಎನ್ನಬೇಕೋ? ಬುಧವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಕೂತು ಬಿಗಿ ಮೇಸ್ತ್ರಿ ಯೋಚಿಸುತ್ತಿದ್ದುದು ಇದನ್ನೇ. ಪಾದ ಊದುತ್ತಿತ್ತು. ಪಕ್ಕದಲ್ಲಿ ಸ್ಟೂಲು ಮೂರು ಕಾಲು ಮೇಲೆತ್ತಿ ಮಲಗಿತ್ತು. ನಾಲ್ಕನೆಯದು ಬಾಗಿಲ ಮೂಲೆಗೆ ಉರುಳಿ ಹೋಗಿತ್ತು.

ಬಿಗಿ ಮೇಸ್ತ್ರಿ ಎನ್ನುವುದು ಕೆಲಸಗಾರರು ಇಟ್ಟ ಹೆಸರು. ಕಟ್ಟಡದ ಸುತ್ತ ಕಬ್ಬಿಣದ ಪೈಪುಗಳ ಸಾರುವೆ ನಿಲ್ಲಿಸುತ್ತಾರಲ್ಲ, ಅದರ ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡಿ, ಹತ್ತಬಹುದು ಎಂದು ಅಪ್ಪಣೆ ಕೊಡುವುದು ಅವರ ಕೆಲಸ. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಚೀಟಿ ತೂಗುತ್ತಿರುವ ಸಾರುವೆಯನ್ನು ಯಾರೂ ಹತ್ತುವಂತಿಲ್ಲ. ಹಾಕಿದ ಕೈಯೇ ಅದನ್ನು ತೆಗೆಯಬೇಕು. (ಒಮ್ಮೆ ಕಂಪನಿಯ ಯಜಮಾನರನ್ನೇ ಕೆಳಗಿಳಿಸಿದ್ದರಂತೆ. ಆ ಕಥೆ ವರ್ಷಕ್ಕೊಂದು ಮಹಡಿ ಏರುತ್ತಾ ಬಂದಿದೆ.)

ಊರಿಗೆಲ್ಲ ಬಿಗಿಯಾದ ಮೇಸ್ತ್ರಿ ಮನೆಗೆ ಮಾತ್ರ ಸಡಿಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಸ್ಟೂಲಿನ ಕಾಲಿಗೆ ಸ್ಕ್ರೂ ಬಿಗಿ ಮಾಡಿ ಎಂದು ಹೆಂಡತಿ ಹೇಳಲು ತೊಡಗಿ ಆರು ತಿಂಗಳಾಗಿತ್ತು. ನಾಳೆ ಎಂಬ ದಿನಕ್ಕೆ ಆ ಮನೆಯಲ್ಲಿದ್ದಷ್ಟು ಗೌರವ ಇನ್ನಾವ ದಿನಕ್ಕೂ ಇರಲಿಲ್ಲ.

ಈಗ ಕಷ್ಟವೆಂದರೆ ಶನಿವಾರ. ಅಂದು ಕಂಪನಿಯಲ್ಲಿ ಮೇಸ್ತ್ರಿಗೆ ಸನ್ಮಾನ. ‘ಮೂವತ್ತು ವರ್ಷ, ಒಮ್ಮೆಯೂ ಬೀಳದವರು’ ಎಂದು ಫಲಕದ ಮೇಲೆ ಕೆತ್ತಿಸಿಯೂ ಆಗಿತ್ತು. ಜೊತೆಗೆ ಕಪ್ಲರ್‌ಗಳ ಬಗ್ಗೆ ಅವರದೇ ಉಪನ್ಯಾಸ. ಹದಿನೈದು ದಿನದಿಂದ ಪ್ರತಿ ಸಂಜೆ, ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಎದುರು ಅದರ ತಾಲೀಮು ನಡೆದಿತ್ತು. ಪೈಪಿಗೆ ಪೈಪನ್ನು ಹಿಡಿದಿಡುವ ಉಕ್ಕಿನ ಹಿಡಿಕೆಯೇ ಕಪ್ಲರ್. ಅದರಲ್ಲಿ ಫಿಕ್ಸ್ ಎಂಬುದು ಮನೆಯೊಡತಿಯಂತೆ. ಪೈಪುಗಳನ್ನು ಅಡ್ಡಕ್ಕೂ ನೆಟ್ಟಗೂ ಹಿಡಿದು ನಿಂತರೆ ಅಲುಗುವುದಿಲ್ಲ, ಹಲಗೆಯ ಭಾರವನ್ನು ಅದಕ್ಕೇ ಹೊರಿಸಬೇಕು. ಸ್ವಿವೆಲ್ ಎಂಬುದು ನೆಂಟನಂತೆ; ಕರೆದತ್ತ ತಿರುಗುತ್ತದೆ, ಓರೆಯಾಗಿ ಆಸರೆ ಕೊಡಲು ಒಳ್ಳೆಯದು, ಆದರೆ ಸಂಸಾರದ ಭಾರ ಅದರ ಮೇಲೆ ಹಾಕಬಾರದು. ನಟ್ಟು ಬೆರಳಲ್ಲೇ ಸಲೀಸಾಗಿ ತಿರುಗಬೇಕು, ಬೋಲ್ಟು ಬಾಗಿರಬಾರದು, ಮೈಯಲ್ಲಿ ಕೂದಲೆಳೆಯ ಬಿರುಕೂ ಇರಬಾರದು. ಹೆಂಡತಿ ಹೂಂ ಹೂಂ ಎನ್ನುತ್ತಾ ಹೆಚ್ಚುತ್ತಿದ್ದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಾಳೆ ಎಂದೇ ಮೇಸ್ತ್ರಿ ಭಾವಿಸಿದ್ದರು.

ಸಭೆಯಲ್ಲಿ ತೋರಿಸಲು ಬೇಕಾದ ಮಾದರಿ ಕಪ್ಲರ್‌ಗಳ ಪೆಟ್ಟಿಗೆ, ಅದರ ಪಕ್ಕದಲ್ಲಿ ಮೇಸ್ತ್ರಿಯ ಏಕೈಕ ಕೋಟು, ಎರಡೂ ಅಡುಗೆಮನೆಯ ಅಟ್ಟದಲ್ಲಿದ್ದವು. ಅವಕ್ಕೆ ಕೈಚಾಚಿದಾಗಲೇ ಸ್ಟೂಲು ಕೈಕೊಟ್ಟದ್ದು, ಅಂದರೆ ಕಾಲು ಕೊಟ್ಟದ್ದು.

ಪ್ರಾರ್ಥನೆ ಮುಗಿಸಿ ಬಂದ ಅಮ್ಮ, ಮಗನ ಪಾದಕ್ಕೆ ಎಣ್ಣೆ ತಿಕ್ಕುತ್ತಾ ಹೇಳಿದರು: “ಹನ್ನೆರಡನೇ ಮಹಡಿಯಿಂದ ಬೀಳೋರನ್ನ ದೇವರು ಹಿಡ್ಕೋತಾನೆ ಕಣೋ. ಸ್ಟೂಲಿನ ಎತ್ತರಕ್ಕೆ ಬಗ್ಗೋದು ಅವನಿಗೂ ಕಷ್ಟ.”

ಈ ಸಂಗತಿ ಹೊಸ್ತಿಲು ದಾಟಬಾರದು ಎಂದು ಮೇಸ್ತ್ರಿ ಬೇಡಿಕೊಂಡರು. ತಾನು ಸುಳ್ಳು ಹೇಳುವುದಿಲ್ಲ, ಆದರೆ ಯಾರೂ ಕೇಳದಿದ್ದರೆ ಬಾಯಿ ಬಿಡುವುದೂ ಇಲ್ಲ ಎಂದು ಅಮ್ಮ ಒಪ್ಪಿದರು. ಹೆಂಡತಿಯ ಮೌನಕ್ಕೆ ಮಾತ್ರ ಷರತ್ತು ಇತ್ತು. ಊರಿಗೆಲ್ಲ ಕಟ್ಟಿಸುವಂಥದೇ ಪೈಪಿನ ಪುಟ್ಟ ಸಾರುವೆಯೊಂದು ಶನಿವಾರದೊಳಗೆ ತನ್ನ ಅಟ್ಟದ ಕೆಳಗೆ ನಿಂತಿರಬೇಕು.

ಶುಕ್ರವಾರ ಬೆಳಿಗ್ಗೆ, ಹಿತ್ತಿಲಲ್ಲಿ ಬಿದ್ದಿದ್ದ ತುಂಡು ಪೈಪುಗಳನ್ನೆಲ್ಲ ಹೊಂದಿಸಿ, ಕುಂಟುತ್ತಲೇ ಮೇಸ್ತ್ರಿ ಸಾರುವೆ ಕಟ್ಟಿದರು. ಕೊನೆಯಲ್ಲಿ ಒಂದೇ ಒಂದು ಫಿಕ್ಸ್ ಕಪ್ಲರ್ ಕಡಿಮೆ ಬಿತ್ತು. ಮೇಸ್ತ್ರಿ ಅತ್ತ ನೋಡಿದರು, ಇತ್ತ ನೋಡಿದರು; ಹಲಗೆ ಹೊರುವ ಅಡ್ಡಪೈಪಿನ ತುದಿಗೆ ಸ್ವಿವೆಲ್ ಒಂದನ್ನು ಹಾಕಿ, ಅದರ ಮುಖವನ್ನು ಗೋಡೆ ಕಡೆಗೆ ತಿರುಗಿಸಿದರು. ಯಾವ ಕೆಲಸಗಾರ ಹೀಗೆ ಮಾಡಿದ್ದರೂ ಅಂದೇ ಅವನನ್ನು ಸಾರುವೆಯಿಂದ ಇಳಿಸುತ್ತಿದ್ದರು. ಆದರೆ ಇದು ಅಡುಗೆಮನೆಯಲ್ಲವೇ. ನಂತರ ಹೆಂಡತಿಯನ್ನು ಕರೆದು, ಸಿಂಹಾಸನ ಸಿದ್ಧವಾಗಿದೆ, ಆರೋಹಣ ಮಾಡಬಹುದು ಎಂದರು.

ಆಕೆ ಹತ್ತಲಿಲ್ಲ. ಕೈ ಒರೆಸಿಕೊಂಡು ಬಂದು ಒಂದೊಂದೇ ನಟ್ಟನ್ನು ಮುಟ್ಟಿದಳು. ಬೋಲ್ಟುಗಳನ್ನು ಬಾಗಿ ನೋಡಿದಳು. ಗೋಡೆ ಸಂದಿಗೆ ಕೈ ಹಾಕಿ ಅಲ್ಲೇ ನಿಂತಳು.

“ಏನ್ರೀ, ಇಲ್ಲಿ ನೆಂಟನ್ನ ಕೂರಿಸಿದೀರಲ್ಲ.”

“ಬರೀ ಅಡುಗೆಮನೆ ಕಣೇ. ಅಷ್ಟಕ್ಕೆಲ್ಲ ಏನೂ ಆಗಲ್ಲ.”

“ಸ್ಟೂಲೂ ಬರೀ ಅಡುಗೆಮನೇದೇ ಆಗಿತ್ತು.”

ಇಷ್ಟು ಹೇಳಿ ಆಕೆ ಗೂಟಕ್ಕೆ ತೂಗುಹಾಕಿದ್ದ ಗಂಡನ ಚೀಲದಿಂದ ಕೆಂಪು ಚೀಟಿಯೊಂದನ್ನು ಎಳೆದು, ದಾರ ಬಿಗಿದು, ಸಾರುವೆಗೆ ನೇತುಹಾಕಿ, ಬೇಯುತ್ತಿದ್ದ ಅನ್ನ ನೋಡಲು ಹೋದಳು.

ಮೇಸ್ತ್ರಿ ಚೀಟಿಯ ಕೆಳಗೆ ನಿಂತರು. ಕೋಟು ನಾಲ್ಕು ಮೊಳ ಮೇಲೆ ಕಾಣುತ್ತಿತ್ತು. ಹತ್ತಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಎರಡು ಸಲ ಕಾಲೆತ್ತಿದರು, ಎರಡು ಸಲವೂ ಇಳಿಸಿದರು. ಮೂವತ್ತು ವರ್ಷ ಯಾವ ಸಾಹೇಬರಿಗೂ ಬಗ್ಗದ ಚೀಟಿ ಅದು. ಹಾಕಿದವಳು ಹೆಂಡತಿ ಎಂಬ ಕಾರಣಕ್ಕೆ ಅದರ ಬಣ್ಣ ಬದಲಾಗುತ್ತದೆಯೇ?

ಮಧ್ಯಾಹ್ನ ಕುಂಟುತ್ತಾ ಕಂಪನಿಯ ಉಗ್ರಾಣಕ್ಕೆ ಹೋದರು. ಉಗ್ರಾಣದವನು ಒಳ್ಳೆಯ ಫಿಕ್ಸ್ ಕಪ್ಲರನ್ನು ಆರಿಸಿಕೊಟ್ಟು ಪುಸ್ತಕ ಮುಂದಿಟ್ಟ. ಒಂದು ಕಪ್ಲರ್ ಹೊರಗೆ ಹೋದರೂ ಎಲ್ಲಿಗೆ, ಯಾಕೆ ಎಂದು ಬರೆಯಲೇಬೇಕು, ಸುಳ್ಳು ಬರೆದವನಿಗೆ ಮರುದಿನ ಕೆಲಸವಿಲ್ಲ ಎಂಬ ನಿಯಮವಿತ್ತು. ನಿಯಮ ಮಾಡಿದ ಮಹಾನುಭಾವರು ಈಗ ಪೆನ್ನು ಹಿಡಿದು ಬೆವರುತ್ತಿದ್ದರು. ಎಲ್ಲಿಗೆ ಎಂಬಲ್ಲಿ ‘ಅಡುಗೆಮನೆ’ ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದು ಪುಸ್ತಕ ಮುಚ್ಚಿದರು.

ಉಗ್ರಾಣದವನು ಅದನ್ನು ಮೆಲ್ಲಗೆ ಮತ್ತೆ ತೆರೆದ. “ಯಾಕೆ ಅನ್ನೋದು ಖಾಲಿ ಉಳೀತು ಮೇಸ್ತ್ರಿ. ನೀವೇ ಬೈತೀರಿ ಆಮೇಲೆ.”

ಅಂದು ಸಂಜೆ ಕಪ್ಲರ್ ಬದಲಾಯಿತು; ಅಳತೆಯ ಸ್ಪ್ಯಾನರಿನಲ್ಲಿ ಎಷ್ಟು ಬೇಕೋ ಅಷ್ಟೇ ಬಿಗಿಯಾಯಿತು. ಹೆಂಡತಿ ಬಂದು ಮುಟ್ಟಿ ನೋಡಿ ಕೆಂಪು ಚೀಟಿ ತೆಗೆದು ತನ್ನ ಪರ್ಸಿನಲ್ಲಿಟ್ಟುಕೊಂಡಳು. ಕೋಟೂ ಪೆಟ್ಟಿಗೆಯೂ ಇಳಿದವು. ಪುಸ್ತಕದ ಪುಟ ಯಾರು ತಿರುವಿ ನೋಡುತ್ತಾರೆ ಎಂದು ಮೇಸ್ತ್ರಿ ನೆಮ್ಮದಿಯಿಂದ ಮಲಗಿದರು.

ಶನಿವಾರ, ಇನ್ನೂರು ಜನ ತುಂಬಿದ ಸಭೆಯಲ್ಲಿ, ಇಂಜಿನಿಯರ್ ಸಾಹೇಬರು ಫಲಕದ ಜೊತೆ ಅದೇ ಪುಸ್ತಕವನ್ನೂ ಎತ್ತಿಕೊಂಡು ಮೈಕಿನ ಮುಂದೆ ನಿಂತರು. “ಎಲ್ಲಿಗೆ: ಅಡುಗೆಮನೆ. ಯಾಕೆ: ಸ್ಟೂಲಿನಿಂದ ಬಿದ್ದ ಕಾರಣ, ಮನೆಯವರ ಕೆಂಪು ಚೀಟಿಯ ಪ್ರಕಾರ” ಎಂದು ನಿಧಾನವಾಗಿ ಓದಿದರು. ನಗು ನಿಲ್ಲುವಷ್ಟರಲ್ಲಿ ಮೇಸ್ತ್ರಿಯ ಕಿವಿ ಚೀಟಿಯ ಬಣ್ಣಕ್ಕೆ ತಿರುಗಿತ್ತು. ಫಲಕ ಕೈ ಜಾರಿತು ಎಂದೇ ಅವರು ತಿಳಿದರು. ಆದರೆ ಸಾಹೇಬರು, ಸಾರುವೆಯಿಂದಂತೂ ಮೇಸ್ತ್ರಿ ಬಿದ್ದಿಲ್ಲ, ತಾನು ಮಾಡಿದ ನಿಯಮಕ್ಕೆ ತಾನೇ ತಲೆಬಾಗಿದವರನ್ನು ತಾವು ಕಂಡದ್ದೂ ಇದೇ ಮೊದಲು ಎಂದು ಫಲಕವನ್ನು ಅವರ ಕೈಗಿತ್ತರು. ಉಗ್ರಾಣದವನಿಂದ ಸುದ್ದಿ ತಿಳಿದು ಕೆಲಸಗಾರರೆಲ್ಲ ಸೇರಿ ತಂದ ಹೊಚ್ಚ ಹೊಸ ಸ್ಟೂಲೊಂದು ವೇದಿಕೆಗೆ ಬಂತು. ಅದಕ್ಕೆ ಹಸಿರು ಚೀಟಿ ಹಾಕಲು ಮೇಸ್ತ್ರಿಯ ಹೆಂಡತಿಯೇ ಬರಬೇಕು ಎಂದು ಸಭೆ ಕೂಗಿತು.

ಆಕೆ ಬಂದಳು. ಹಸಿರು ಚೀಟಿಯನ್ನು ಮೇಜಿನ ಮೇಲಿಟ್ಟು, ಸ್ಟೂಲನ್ನು ತಲೆಕೆಳಗು ಮಾಡಿ, ಕಾಲುಗಳನ್ನು ಒಂದೊಂದಾಗಿ ಅಲುಗಿಸಿದಳು. ಮೂರನೆಯ ಕಾಲಿನ ಸ್ಕ್ರೂ ಬೆರಳಿಗೇ ತಿರುಗಿತು. ಪರ್ಸ್ ತೆರೆದು, ನಿನ್ನೆಯ ಕೆಂಪು ಚೀಟಿ ತೆಗೆದು ಅದಕ್ಕೆ ಕಟ್ಟಿದಳು.

ಯಾರೋ ಸ್ಕ್ರೂಡ್ರೈವರ್ ತಂದುಕೊಟ್ಟರು. ಕೋಟು ತೊಟ್ಟ ಬಿಗಿ ಮೇಸ್ತ್ರಿ, ಊದಿದ ಪಾದವನ್ನು ಒಂದು ಕಡೆ ಚಾಚಿ, ಇನ್ನೂರು ಜನರ ಎದುರು ನೆಲಕ್ಕೆ ಕೂತು, ಆರು ತಿಂಗಳ ಹಿಂದೆ ಹೇಳಿದ ಕೆಲಸವನ್ನು ಮಾಡಿ ಮುಗಿಸಿದರು. ಮುಂದಿನ ಸಾಲಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೈಮುಗಿದರು. ಎಷ್ಟೋ ದಿನದ ಪ್ರಾರ್ಥನೆಯೊಂದು ಫಲಿಸಿದವರಂತೆ ಅವರ ಮುಖವಿತ್ತು.

ಹೆಂಡತಿ ಕಾಲು ಅಲುಗಿಸಿ ನೋಡಿ, ಹಸಿರು ಚೀಟಿ ಕಟ್ಟಿದಳು. ಚಪ್ಪಾಳೆಯ ನಡುವೆ ಗಂಡನ ಕೈ ಹಿಡಿದು ಎಬ್ಬಿಸುತ್ತಾ, ಅವರಿಗಷ್ಟೇ ಕೇಳುವಂತೆ ಹೇಳಿದಳು. (ಮೈಕು ಪಕ್ಕದಲ್ಲೇ ಇದ್ದದ್ದು ಆಕೆಗೆ ಗೊತ್ತಿರಲಿಲ್ಲ ಎನ್ನುವುದನ್ನು ಮೇಸ್ತ್ರಿ ಇಂದಿಗೂ ನಂಬುವುದಿಲ್ಲ.)

“ನಲ್ಲಿಗೆ ಬೆಳಿಗ್ಗೇನೇ ಒಂದು ಕೆಂಪು ಚೀಟಿ ಹಾಕಿ ಬಂದಿದೀನಿ.”